ಬೀಗ ಹಾಕಿದ ಹಂಚಿನ ಮನೆ: ಮಾರುವುದೋ, ಒಬ್ಬರೇ ಇಟ್ಟುಕೊಳ್ಳುವುದೋ? (ತೀರ್ಥಹಳ್ಳಿ ಕಡೆ, ಮೂವರು ವಾರಸುದಾರರು)

ಅಂಗಳದಮೂಲೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಏನು ಮಾಡಬೇಕೆಂದು ಈ ಮಳೆಗಾಲದ ಒಳಗೆ ತೀರ್ಮಾನ ಆಗಬೇಕು. ವಿವರ ಇಷ್ಟು.

ಜಾಗ 20 ಗುಂಟೆ, ಒಂದೇ ಸರ್ವೆ ನಂಬರು. 1972ರಲ್ಲಿ ಅಪ್ಪ ಸ್ವಂತ ದುಡ್ಡಲ್ಲಿ ಕ್ರಯಕ್ಕೆ ತಗೊಂಡಿದ್ದು, ಕ್ರಯಪತ್ರ ಇದೆ. ಅರ್ಧದಲ್ಲಿ ಮನೆ, ಅಂಗಳ, ಕೊಟ್ಟಿಗೆ. ಇನ್ನರ್ಧ ಅಡಿಕೆ. ಮನೆ 1974ರದ್ದು, ಸುಮಾರು 2,200 ಚದರ ಅಡಿ. ಮೊಣಕಾಲೆತ್ತರದವರೆಗೆ ಜಂಬಿಟ್ಟಿಗೆ, ಮೇಲೆ ಮಣ್ಣಿನ ಗೋಡೆ, ಮಾಡಿಗೆ (ಚಾವಣಿಗೆ) ಮಂಗಳೂರು ಹಂಚು. ಅಪ್ಪ 2019ರಲ್ಲಿ ತೀರಿಕೊಂಡರು, ಅಮ್ಮ 2024ರಲ್ಲಿ. ಇಬ್ಬರೂ ವಿಲ್ ಬರೆದಿಲ್ಲ. ಅಣ್ಣ ಬೆಂಗಳೂರಲ್ಲಿ, ನಾನು ಶಿವಮೊಗ್ಗದಲ್ಲಿ, ತಂಗಿ ಅಮೆರಿಕದಲ್ಲಿ (ಅಲ್ಲಿನ ಪೌರತ್ವ, ಓಸಿಐ ಅಂದರೆ ಸಾಗರೋತ್ತರ ಭಾರತೀಯ ಕಾರ್ಡ್ ಇದೆ). ಪಹಣಿ ಈಗಲೂ ಅಪ್ಪನ ಹೆಸರಲ್ಲೇ ಇದೆ. ಪಂಚಾಯ್ತಿಗೆ ಮನೆ ಕಂದಾಯ ಕಟ್ಟಿದ ರಸೀದಿಗಳಿವೆ. ಭೂಪರಿವರ್ತನೆ ಆಗಿಲ್ಲ.

ಪಕ್ಕದ ತೋಟದವರು ಎಲ್ಲ ಸೇರಿಸಿ 48 ಲಕ್ಷಕ್ಕೆ ಕೇಳಿದ್ದಾರೆ. ಅಣ್ಣನಿಗೆ ಮಾರುವ ಮನಸ್ಸು. ತಂಗಿಗೆ ಸುತರಾಂ ಇಷ್ಟ ಇಲ್ಲ, ಹೋಂಸ್ಟೇ ಮಾಡಿ ಅನ್ನುತ್ತಾಳೆ. ಮಾರಿದರೆ ತೆರಿಗೆ ಎಷ್ಟು, ಇಟ್ಟುಕೊಂಡರೆ ಖರ್ಚು ಯಾವುದಕ್ಕೆ, ಮೊದಲು ಹಿಡಿಯಬೇಕಾದ ಕೆಲಸ ಯಾವುದು? ತಿಳಿದವರು ಬಿಡಿಸಿ ಹೇಳಿ.

---

ಪಹಣಿಪುಟ:

ಮಾರುವುದಾಗಲಿ ಇಟ್ಟುಕೊಳ್ಳುವುದಾಗಲಿ, ಕಾಗದ ನಿಮ್ಮ ಮೂವರ ಹೆಸರಿಗೆ ಬಾರದೆ ಯಾವುದೂ ನಡೆಯುವುದಿಲ್ಲ. ಅಲ್ಲಿಂದಲೇ ಶುರು ಮಾಡಿ. ಮೂವರಲ್ಲಿ ಒಮ್ಮತ ಆಗಲಿ ಆಮೇಲೆ ನೋಡೋಣ ಎಂದು ಕಾಯುವವರೇ ಜಾಸ್ತಿ. ಒಮ್ಮತ ತಡವಾದರೂ ಈ ಕೆಲಸಕ್ಕೆ ಅಡ್ಡಿಯಿಲ್ಲ.

ಪಾಲಿನ ಲೆಕ್ಕ ಮೊದಲು. ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ. ಅಪ್ಪ ಹೋದಾಗ ಅಮ್ಮ ಮತ್ತು ಮೂವರು ಮಕ್ಕಳು, ತಲಾ ನಾಲ್ಕನೇ ಒಂದು. ಅಮ್ಮ ಹೋದಾಗ ಅವರ ನಾಲ್ಕನೇ ಒಂದು ಮತ್ತೆ ಮೂವರಿಗೆ. ಕೂಡಿದರೆ ತಲಾ ಮೂರನೇ ಒಂದು. ತಂಗಿಗೆ ಮದುವೆ ಆಗಿದೆ, ವಿದೇಶದಲ್ಲಿದ್ದಾಳೆ, ಪೌರತ್ವ ಬದಲಾಗಿದೆ ಎನ್ನುವುದು ಯಾವುದೂ ಪಾಲನ್ನು ಕಡಿಮೆ ಮಾಡುವುದಿಲ್ಲ. ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ಹಳೆಯ ನಿರ್ಬಂಧ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಂನಲ್ಲಿತ್ತು, 2005ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಇನ್ನೂ ಹಳ್ಳಿಗಳಲ್ಲಿ ಆ ಮಾತು ಓಡಾಡುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ.

ಮಾಡಬೇಕಾದ್ದು: ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅದರ ಮೇಲೆ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಅರ್ಜಿ. ವಂಶವೃಕ್ಷದಲ್ಲಿ ತಂಗಿ ಹೆಸರು ಇರಲೇಬೇಕು. 'ಅವಳು ಬರುವುದಿಲ್ಲ, ಸುಮ್ಮನೆ ಯಾಕೆ' ಎಂದು ಬಿಟ್ಟರೆ ಮುಂದೆ ಕೊಳ್ಳುವವರ ವಕೀಲರು ಅದನ್ನೇ ಹಿಡಿಯುತ್ತಾರೆ, ಅವಳ ಪಾಲಿನ ಮಟ್ಟಿಗೆ ಮಾರಾಟವೇ ಊರ್ಜಿತವಾಗುವುದಿಲ್ಲ. ಕ್ರಯಪತ್ರ, ಪಹಣಿ, ಆಧಾರ್, ಮರಣ ಪತ್ರ ನಾಲ್ಕರಲ್ಲೂ ಅಪ್ಪನ ಹೆಸರು ಒಂದೇ ತರ ಇದೆಯಾ ನೋಡಿ. ಒಂದರಲ್ಲಿ ಊರ ಹೆಸರು ಸೇರಿ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದರೆ, 'ಇಬ್ಬರೂ ಒಬ್ಬರೇ' ಎನ್ನುವ ಅಫಿಡವಿಟ್ ಅರ್ಜಿಯ ಜೊತೆಗೇ ಕೊಡಿ. ನೋಟಿಸ್ ಅವಧಿಯಲ್ಲಿ ಯಾರದೂ ತಕರಾರು ಬರದಿದ್ದರೆ ಪಹಣಿಯ 9ನೇ ಕಾಲಂನಲ್ಲಿ ಮೂವರ ಹೆಸರು ಜಂಟಿಯಾಗಿ ಕೂರುತ್ತದೆ.

ಹಾಗೆಯೇ 11ನೇ ಕಾಲಂ ನೋಡಿ. ಹಳೆಯ ಸೊಸೈಟಿ ಸಾಲ, ಪಿಎಲ್‌ಡಿ ಬ್ಯಾಂಕ್ ಸಾಲ ತೀರಿಸಿದ್ದರೂ ಋಣ ಹಾಗೇ ಉಳಿದಿರುತ್ತದೆ. ತೀರುವಳಿ ಪತ್ರ ತಂದು ಕೊಟ್ಟರೆ ಮಾತ್ರ ಹೋಗುತ್ತದೆ.

ನಿಮ್ಮ ಪ್ರಕರಣದಲ್ಲಿ ಸಿಕ್ಕು ಇರುವುದು ಬೇರೆ ಕಡೆ. ಮನೆ ನಿಂತಿರುವುದು ಗ್ರಾಮಠಾಣಾದಲ್ಲಿ (ಊರಿನ ವಾಸದ ಜಾಗ) ಅಲ್ಲ, ಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ. ಕಂದಾಯ ರಸೀದಿ ಇದ್ದ ಮಾತ್ರಕ್ಕೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಗಣಕ ದಾಖಲೆ) ಸಕ್ರಮ ಆಸ್ತಿಗೆ ಕೊಡುವ ನಮೂನೆ 9 ಮತ್ತು 11ಎ ಸಿಗುವುದಿಲ್ಲ. ಸಿಕ್ಕರೆ ಸಕ್ರಮವಲ್ಲದ ಆಸ್ತಿಯ 11ಬಿ ಸಿಗಬಹುದು. 11ಬಿ ಮೇಲೆ ಬ್ಯಾಂಕುಗಳು ಗೃಹಸಾಲಕ್ಕೆ ಹಿಂದೆ ಮುಂದೆ ನೋಡುತ್ತವೆ. ಹಾಗಾಗಿ ನಿಮ್ಮ ಮನೆಗೆ ಸಾಲ ಮಾಡಿ ಕೊಳ್ಳುವ ಗಿರಾಕಿ ಸಿಗುವುದು ಕಷ್ಟ, ಕೈಯಲ್ಲಿ ದುಡ್ಡಿರುವ ತೋಟದವರೇ ಗಿರಾಕಿ. ಪಕ್ಕದವರ 48 ಲಕ್ಷವನ್ನು ಆ ಬೆಳಕಿನಲ್ಲಿ ನೋಡಿ. ಇಡೀ ಸರ್ವೆ ನಂಬರು ಮಾರುವುದಾದರೆ ಪಹಣಿಯ ಮೇಲೇ ಕ್ರಯ ಆಗುತ್ತದೆ. ಮನೆ ಉಳಿಸಿಕೊಂಡು ಅಡಿಕೆ ಮಾತ್ರ ಕೊಡುವುದಾದರೆ 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗವನ್ನು ಬೇರೆಯಾಗಿ ತೋರಿಸುವ ನಕ್ಷೆ) ಬೇಕು. ಸರ್ವೆಯವರು ಬಂದು ಅಳೆಯುವವರೆಗೆ ಕಾಯಬೇಕು. ಕೃಷಿಕರಲ್ಲದವರು ಕೊಳ್ಳಬಾರದೆಂಬ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾದ್ದರಿಂದ ಬೆಂಗಳೂರಿನವರೂ ಕೊಳ್ಳಬಹುದು, ಅಷ್ಟರಮಟ್ಟಿಗೆ ಗಿರಾಕಿಗಳ ಬಳಗ ದೊಡ್ಡದಾಗಿದೆ.

1972ರಲ್ಲಿ ಅಪ್ಪನಿಗೆ ಮಾರಿದವರಿಗೆ ಆ ಜಮೀನು ಎಲ್ಲಿಂದ ಬಂತು ಎಂಬುದನ್ನೂ ಒಮ್ಮೆ ನೋಡಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಕೊಟ್ಟಿಗೆಯೋ ಹಿತ್ತಿಲೋ ಸರ್ವೆ ಗಡಿ ದಾಟಿ ಸೊಪ್ಪಿನಬೆಟ್ಟದೊಳಗೆ ಹೋಗಿದ್ದರೆ ಅಷ್ಟನ್ನು ನೀವು ಮಾರಲಾಗುವುದಿಲ್ಲ. ಬೆಟ್ಟದ ಮೇಲೆ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಇರುತ್ತದೆಯೇ ಹೊರತು ಮಾಲೀಕತ್ವ ಅಲ್ಲ. ನಮ್ಮ ಜಿಲ್ಲೆಯಲ್ಲಿ ಶರಾವತಿ ಮುಳುಗಡೆಯಿಂದ ಎದ್ದು ಬಂದವರ ಎಷ್ಟೋ ಮನೆಗಳಿಗೆ ಇವತ್ತಿಗೂ ಸರಿಯಾದ ಹಕ್ಕುಪತ್ರ ಇಲ್ಲ. ನಿಮ್ಮಲ್ಲಿ ಕ್ರಯಪತ್ರ ಇದೆಯೆಂದರೆ ಅರ್ಧ ಗೆದ್ದಂತೆ.

ಋಣಭಾರ ಪತ್ರ ಕಾವೇರಿ 2.0ರಲ್ಲಿ (ನೋಂದಣಿ ಇಲಾಖೆಯ ಜಾಲತಾಣ) ತೆಗೆದರೆ 2004ರ ಆಚೀಚಿನಿಂದ ಸಿಗುತ್ತದೆ. ಅದಕ್ಕಿಂತ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲೇ ಪುಸ್ತಕ ತೆಗೆಸಿ ಹುಡುಕಿಸಬೇಕು. 1972ರಿಂದ ಇವತ್ತಿನವರೆಗೆ ಎಂದು ಕೇಳಿ, ಮಧ್ಯೆ ಖಾಲಿ ಬಿಡಬೇಡಿ.

---

ಹಂಚುಪಕಾಸಿ:

ಕಾಗದದ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಮಳೆ ಬರುತ್ತದೆ. ಎರಡು ಮಳೆಗಾಲ ಬೀಗ ಹಾಕಿದ ಮಣ್ಣಿನ ಗೋಡೆಯ ಮನೆ ಮೂರನೆಯದನ್ನು ತಡೆಯುತ್ತದೋ ಇಲ್ಲವೋ ಎನ್ನುವುದು ಹಂಚಿನ ಮೇಲೆ ನಿಂತಿದೆ. ಮಾರುವುದಾದರೂ ಇಷ್ಟು ಮಾಡಿಸಿ. ಗೋಡೆ ಬಿದ್ದ ಮನೆಗೆ ಯಾರೂ ಮನೆಯ ಬೆಲೆ ಕಟ್ಟುವುದಿಲ್ಲ, ಜಾಗದ ಬೆಲೆ ಅಷ್ಟೇ.

ಒಲೆ ಉರಿಯುತ್ತಿದ್ದ ಮನೆಯಲ್ಲಿ ಹೊಗೆ ಅಟ್ಟ ದಾಟಿ ಮಾಡಿಗೆ ಹೋಗುತ್ತಿತ್ತು. ಪಕಾಸಿ (ಮಾಡಿನ ಇಳಿಜಾರು ಮರ), ರೀಪುಗಳು (ಹಂಚು ಕೂರುವ ಅಡ್ಡಪಟ್ಟಿ) ಒಣಗಿ, ಕಿಟ್ಟ ಕಟ್ಟಿ ಹುಳ ಹತ್ತುತ್ತಿರಲಿಲ್ಲ. ಬೀಗ ಹಾಕಿದ ಮೇಲೆ ಹೊಗೆಯೂ ಇಲ್ಲ, ಗಾಳಿಯೂ ಇಲ್ಲ. ತೇವ ಒಳಗೇ ನಿಲ್ಲುತ್ತದೆ, ಒರಲೆ (ಗೆದ್ದಲು) ಗೋಡೆಯ ಮಣ್ಣಿನೊಳಗಿಂದಲೇ ಮೇಲೆ ಹತ್ತುತ್ತದೆ. ಜೊತೆಗೆ ಮಂಗ. ಜನ ಇಲ್ಲ ಎಂದು ಗೊತ್ತಾದ ಮಾಡಿನ ಮೇಲೆ ಮಂಗಗಳ ಹಿಂಡು ಒಂದು ಮಧ್ಯಾಹ್ನ ಕುಣಿದರೂ ಸಾಕು, ಹತ್ತಾರು ಹಂಚು ಸರಿದಿರುತ್ತವೆ.

ಪರೀಕ್ಷೆ ಹೀಗೆ ಮಾಡಿ. ಬಿಸಿಲಿನ ಹೊತ್ತಿಗೆ ಎಲ್ಲ ಕಿಟಕಿ ಮುಚ್ಚಿ ಅಟ್ಟ ಹತ್ತಿ ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ಹಂಚು ಒಡೆದಿದೆ ಅಥವಾ ಸರಿದಿದೆ. ಸೀಮೆಸುಣ್ಣದಲ್ಲಿ ರೀಪಿನ ಮೇಲೆ ಗುರುತು ಹಾಕಿ. ಆಮೇಲೆ ಒಂದು ಸ್ಕ್ರೂಡ್ರೈವರ್ ಹಿಡಿದು ಪ್ರತಿ ಪಕಾಸಿಯ ಕೆಳತುದಿಯನ್ನು, ಅಂದರೆ ಗೋಡೆಯ ಮೇಲಿನ ಅಡ್ಡತೊಲೆಗೆ ಕೂರುವ ಜಾಗವನ್ನು ಚುಚ್ಚಿ ನೋಡಿ. ಮೊದಲು ಕೊಳೆಯುವುದು ಅದೇ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಪಕಾಸಿ ಬದಲಾಯಿಸಬೇಕು, ಅಥವಾ ಪಕ್ಕಕ್ಕೆ ಮೂರು ನಾಲ್ಕು ಅಡಿ ಉದ್ದದ ಜೋಡುಮರ ಬೋಲ್ಟ್ ಹಾಕಿ ಬಿಗಿಯಬೇಕು. ಮೊಳೆ ಹೊಡೆದು ಜೋಡಿಸಿದರೆ ನಿಲ್ಲುವುದಿಲ್ಲ. ತೊಲೆಗಳನ್ನು ಕೊಡಲಿಯ ಹಿಂಬದಿಯಿಂದ ಬಡಿಯಿರಿ, ಟೊಳ್ಳು ಸದ್ದು ಬಂದಲ್ಲಿ ಒಳಗೆ ಒರಲೆ ತಿಂದಿದೆ.

ಹಂಚಿನ ಲೆಕ್ಕ: ಮಂಗಳೂರು ಹಂಚು ಒಂದು ಚದರ ಮೀಟರಿಗೆ ಸುಮಾರು 15, ಅಂದರೆ 100 ಚದರ ಅಡಿಗೆ 140ರ ಹತ್ತಿರ. 2,200 ಚದರ ಅಡಿಯ ಮನೆಗೆ ಇಳಿಜಾರು, ಸೂರು ಸೇರಿಸಿ ಮಾಡು 2,800 ಚದರ ಅಡಿ ಎಂದಿಟ್ಟುಕೊಂಡರೆ ಒಟ್ಟು 3,900 ಹಂಚು. ಕೈಯಾಡಿಸುವಾಗ ಹತ್ತರಲ್ಲಿ ಒಂದು ಒಡೆಯುತ್ತದೆ ಎಂದು ಹಿಡಿದು 400 ಬದಲಿ ಹಂಚು ಮೊದಲೇ ತರಿಸಿಡಿ. ಇಲ್ಲೇ ಜನ ಎಡವುವುದು: ಹೊಸ ಹಂಚು ತಂದರೆ ಹಳೆಯದಕ್ಕೆ ಕೂರುವುದಿಲ್ಲ. ಒಂದೊಂದು ಕಾರ್ಖಾನೆಯ ಅಚ್ಚಿಗೂ ಒಂದಕ್ಕೊಂದು ಕೂರುವ ತೋಡಿನ ಆಳ, ಅಂಚಿನ ಅಳತೆ ಕೂದಲೆಳೆ ಬೇರೆ. ಮಧ್ಯೆ ಒಂದು ಹೊಸದು ತುರುಕಿದರೆ ಸುತ್ತಲಿನ ನಾಲ್ಕು ಎದ್ದು ನಿಂತು ಅಲ್ಲೇ ಸೋರುತ್ತದೆ. ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಅದೇ ಹೆಸರಿನ ಹಳೆ ಹಂಚನ್ನು ಮನೆ ಕೆಡವಿದವರ ಹತ್ತಿರ ಹುಡುಕಿ. ಸಿಗದಿದ್ದರೆ ಕೊಟ್ಟಿಗೆಯ ಹಂಚನ್ನು ಇಳಿಸಿ ಮನೆಗೆ ಹಾಕಿ, ಕೊಟ್ಟಿಗೆಗೆ ಪೂರ್ತಿ ಹೊಸದು ಅಥವಾ ತಗಡು ಹೊದಿಸಿ. ಬೆರೆಸಬೇಡಿ.

ಎರಡು ಮಾಡು ಕೂಡುವ ಒಳಮೂಲೆಯ ತಗಡು ತುಕ್ಕು ಹಿಡಿದಿದ್ದರೆ ಮನೆಯೊಳಗೆ ಅತಿ ಹೆಚ್ಚು ನೀರು ಬರುವುದು ಅಲ್ಲಿಂದಲೇ. ದರಕು ತುಂಬಿ ನೀರು ಉಕ್ಕುತ್ತದೆ. ತೆಗೆದು ಹೊಸ ತಗಡು ಹಾಕಿಸಿ, ಎರಡೂ ಬದಿ ಹಂಚಿನ ಕೆಳಗೆ ಆರು ಇಂಚಾದರೂ ಒಳಹೋಗಲಿ.

ಒರಲೆಗೆ: ಗೋಡೆ ಮತ್ತು ನೆಲ ಕೂಡುವಲ್ಲಿ ಒಂದು ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಲೀಟರ್ ನೀರಿಗೆ 2.1 ಮಿ.ಲೀ. ಬೆರೆಸಿ, ತೂತಿಗೆ ಒಂದು ಲೀಟರಿನಷ್ಟು ನಿಧಾನಕ್ಕೆ ಇಳಿಸಬೇಕು. ಬಾವಿಯ ಹತ್ತಿರದ ಗೋಡೆಗೆ ಮಾತ್ರ ಇದು ಬೇಡ. ಅಲ್ಲಿ ಒರಲೆಯ ಮಣ್ಣಿನ ಗೀರು ಕೆರೆದು ತೆಗೆದು ಮರಕ್ಕಷ್ಟೇ ಔಷಧಿ ಹಚ್ಚಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸುತ್ತೇವೆ ಎಂದು ಮೇಸ್ತ್ರಿ ಹೇಳಿದರೆ ಬೇಡ ಅನ್ನಿ. ಒಳಗಿನ ತೇವ ಹೊರಗೆ ಬಾರದೆ ಒಂದೆರಡು ವರ್ಷದಲ್ಲಿ ಗಾರೆ ಹಪ್ಪಳದ ಹಾಗೆ ಎದ್ದು ಮಣ್ಣು ಸಮೇತ ಕಳಚುತ್ತದೆ. ಸುಣ್ಣದ ಗಾರೆ, ಇಲ್ಲವೇ ಮಣ್ಣಿನ ಗಿಲಾವೇ ಸಾಕು. ಇರಚಲು ಬಡಿಯುವ ಪಶ್ಚಿಮದ ಗೋಡೆಗೆ ಮೊದಲಿನ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ. ಅದಕ್ಕಿಂತ ಅಗ್ಗದ, ಕೆಲಸಕ್ಕೆ ಬರುವ ರಕ್ಷಣೆ ಇಲ್ಲ.

ಹಂಚಿನ ಮೇಲೆಯೇ ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸುವವರು ಈಗ ಬಹಳ. ನೋಡಲು ಚಂದ ಇಲ್ಲ, ಆದರೆ ಸೋರುವುದಿಲ್ಲ, ಮಂಗನ ಕಾಟ ಇಲ್ಲ. ಒಂದೇ ಷರತ್ತು: ಕಂಬಗಳು ನೆಲದಿಂದ, ಗೋಡೆಯ ಹೊರಗಿಂದ ಏಳಬೇಕು. ಮಣ್ಣಿನ ಗೋಡೆಯ ಮೇಲೆ ಭಾರ ಕೂರಿಸಿದರೆ ಗಾಳಿಗೆ ತಗಡು ಎಳೆದಾಗ ಗೋಡೆಯ ತಲೆಯೇ ಬಿರುಕು ಬಿಡುತ್ತದೆ.

ಮೇ ತಿಂಗಳ ಗುಡುಗು ಸಿಡಿಲಿಗೆ ಮುಂಚೆ ಮೇನ್ ಸ್ವಿಚ್ ಇಳಿಸಿ, ಪಂಪಿನ ವೈರು ಬಿಚ್ಚಿ ಇಡಿ. ಮೆಸ್ಕಾಂ ಸಂಪರ್ಕ ಪೂರ್ತಿ ತೆಗೆಸಬೇಡಿ. ಮತ್ತೆ ಹೊಸದಾಗಿ ತೆಗೆದುಕೊಳ್ಳುವಾಗ ಹೆಸರು, ದಾಖಲೆ, ಠೇವಣಿ ಎಲ್ಲ ಮೊದಲಿನಿಂದ ಶುರು. ಯಾರಾದರೂ ವಾರಕ್ಕೊಮ್ಮೆ ಬಂದು ಬಾಗಿಲು ತೆಗೆದು, ಬಚ್ಚಲ ಒಲೆಗೆ ಬೆಂಕಿ ಹಾಕಿ ಹೋಗುವ ಹಾಗೆ ಮಾಡಿದರೆ ಔಷಧಿಗಿಂತ ಅದು ಮೇಲು.

---

ಲೆಕ್ಕದಪುಸ್ತಕ:

ತೆರಿಗೆಯ ಭಾಗ ನಾನು ಹೇಳುತ್ತೇನೆ. ಆಸ್ತಿ ಬಂದದ್ದಕ್ಕೆ ತೆರಿಗೆ ಇಲ್ಲ, ಮಾರಿದಾಗ ಬರುವ ಲಾಭಕ್ಕೆ ಇದೆ. ಮೂವರೂ ತಮ್ಮ ತಮ್ಮ ಪಾಲಿನ ಲೆಕ್ಕ ಬೇರೆ ಬೇರೆ ತೋರಿಸಬೇಕು.

ನಿಮ್ಮ ಖರೀದಿ ಬೆಲೆ ಎಂದರೆ ಅಪ್ಪನ ಬೆಲೆ. 2001ಕ್ಕಿಂತ ಹಿಂದಿನದಾದ್ದರಿಂದ 1-4-2001ರಂದು ಇದ್ದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಆ ದಿನದ ಮಾರ್ಗಸೂಚಿ ದರ ಸಿಗುವುದಾದರೆ ಅದನ್ನು ಮೀರುವಂತಿಲ್ಲ. ನೋಂದಾಯಿತ ಮೌಲ್ಯಮಾಪಕರಿಂದ ವರದಿ ತೆಗೆದುಕೊಳ್ಳಿ. ಉದಾಹರಣೆಗೆ ಆ ಬೆಲೆ 4 ಲಕ್ಷ ಎಂದು ಬಂತು, ಈಗ 48 ಲಕ್ಷಕ್ಕೆ ಹೋಯಿತು ಎಂದಿಟ್ಟುಕೊಳ್ಳಿ.

ದಾರಿ ಒಂದು: ಸೂಚ್ಯಂಕ (ಬೆಲೆಯೇರಿಕೆಗೆ ತಕ್ಕಂತೆ ಖರೀದಿ ಬೆಲೆ ಏರಿಸುವ ಸರ್ಕಾರದ ಅಂಕಿ) ಇಲ್ಲದೆ ಶೇ. 12.5. ಲಾಭ 44 ಲಕ್ಷ, ತೆರಿಗೆ 5.50 ಲಕ್ಷ.
ದಾರಿ ಎರಡು: ಸೂಚ್ಯಂಕದೊಂದಿಗೆ ಶೇ. 20. 2025-26ರ ಸೂಚ್ಯಂಕ 376, ಹಾಗಾಗಿ 4 ಲಕ್ಷ 15.04 ಲಕ್ಷ ಆಗುತ್ತದೆ. ಲಾಭ 32.96 ಲಕ್ಷ, ತೆರಿಗೆ 6.59 ಲಕ್ಷ.

ಎರಡಕ್ಕೂ ಮೇಲೆ ಶೇ. 4 ಸೆಸ್. ಇಲ್ಲಿ ಮೊದಲನೆಯದೇ ಲಾಭ. ಈ ಸೂಚ್ಯಂಕದಲ್ಲಿ ಮಾರುವ ಬೆಲೆ 2001ರ ಬೆಲೆಯ ಸುಮಾರು 8.4 ಪಟ್ಟು ದಾಟಿದರೆ ಶೇ. 12.5 ಒಳ್ಳೆಯದು, ಅದಕ್ಕಿಂತ ಕೆಳಗಿದ್ದರೆ ಶೇ. 20. ಎರಡರಲ್ಲಿ ಕಡಿಮೆಯದನ್ನು ಆರಿಸುವ ಅವಕಾಶ ನಿಮಗೆ ಮತ್ತು ಅಣ್ಣನಿಗೆ ಮಾತ್ರ. ತಂಗಿ ಅನಿವಾಸಿಯಾದ್ದರಿಂದ ಅವರಿಗೆ ಶೇ. 12.5 ಒಂದೇ.

ಇನ್ನೊಂದು ಉಳಿತಾಯ ಜನ ಮರೆಯುತ್ತಾರೆ. ಊರು ಪಟ್ಟಣದ ಗಡಿಯಿಂದ ಸಾಕಷ್ಟು ದೂರ ಇದ್ದರೆ (ಜನಸಂಖ್ಯೆ 10 ಸಾವಿರ ದಾಟಿದ, 1 ಲಕ್ಷದೊಳಗಿನ ಪಟ್ಟಣಕ್ಕೆ ನೇರ ಗೆರೆಯಲ್ಲಿ 2 ಕಿ.ಮೀ.) ಅಡಿಕೆ ಇರುವ ಭಾಗ ಗ್ರಾಮೀಣ ಕೃಷಿ ಜಮೀನು, ಅದರ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ. ಮನೆ, ಅಂಗಳಕ್ಕೆ ಮಾತ್ರ ತೆರಿಗೆ. ಆದ್ದರಿಂದ ಕ್ರಯಪತ್ರದಲ್ಲಿ 'ಒಟ್ಟು 48 ಲಕ್ಷ' ಎಂದು ಒಂದೇ ಸಾಲು ಬರೆಸಬೇಡಿ. ತೋಟಕ್ಕೆ ಇಷ್ಟು, ಮನೆಗೆ ಇಷ್ಟು ಎಂದು ಮೌಲ್ಯಮಾಪನದ ಆಧಾರದಲ್ಲಿ ಬಿಡಿಸಿ. ಮನಸ್ಸಿಗೆ ಬಂದ ಅಂಕಿ ಬರೆದರೆ ಆಮೇಲೆ ನಿಲ್ಲುವುದಿಲ್ಲ.

ಮನೆಯ ಭಾಗದ ಲಾಭದಿಂದ ಎರಡು ವರ್ಷದೊಳಗೆ ಬೇರೆ ವಾಸದ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಇದೆ. ಇಲ್ಲವಾದರೆ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿ ಎಂಬ ಸರ್ಕಾರಿ ಸಂಸ್ಥೆಗಳ ಬಾಂಡಿನಲ್ಲಿ 50 ಲಕ್ಷದವರೆಗೆ ಹಾಕಿ ಐದು ವರ್ಷ ಬಿಡಬಹುದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳೆಲ್ಲ ಬದಲಾಗಿರುವುದರಿಂದ ನಾನು ಸಂಖ್ಯೆ ಬರೆಯುತ್ತಿಲ್ಲ. ಹಳೆಯ ಸಂಖ್ಯೆ ಹಿಡಿದು ಹುಡುಕಿದರೆ ಗೊಂದಲ.

ತಂಗಿಯ ಪಾಲೇ ತಲೆನೋವು. ಅನಿವಾಸಿಗೆ ಹಣ ಕೊಡುವಾಗ ಕೊಳ್ಳುವವರು ಮೂಲದಲ್ಲೇ ತೆರಿಗೆ ಹಿಡಿಯಬೇಕು, ಇದಕ್ಕೆ 50 ಲಕ್ಷದ ಮಿತಿ ಇಲ್ಲ. ಪಕ್ಕದ ತೋಟದವರಿಗೆ ಇದು ಗೊತ್ತಿರುವುದಿಲ್ಲ. ಹಿಡಿಯದೆ ಬಿಟ್ಟರೆ ನೋಟಿಸ್ ಬರುವುದು ಅವರಿಗೆ, ಗೊತ್ತಾದ ದಿನ ವ್ಯವಹಾರದಿಂದ ಹಿಂದೆ ಸರಿಯುತ್ತಾರೆ. ಹಿಡಿಯುವಾಗಲೂ ಲಾಭದ ಮೇಲಲ್ಲ, ಅವಳ ಪಾಲಿನ ಪೂರ್ತಿ 16 ಲಕ್ಷದ ಮೇಲೆ ಹಿಡಿದುಬಿಡುತ್ತಾರೆ. ಕರಾರು ಪತ್ರಕ್ಕೆ ಮುಂಚೆಯೇ ತಂಗಿ ಪ್ಯಾನ್ ಮಾಡಿಸಿ, ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಇಲಾಖೆಗೆ ಅರ್ಜಿ ಹಾಕಲಿ. ಹಣ ನೇರ ಅವಳ ಎನ್‌ಆರ್‌ಒ ಖಾತೆಗೇ (ಭಾರತದ ಬ್ಯಾಂಕಿನಲ್ಲಿ ಅನಿವಾಸಿಗಳ ರೂಪಾಯಿ ಖಾತೆ) ಹೋಗಲಿ, ನಿಮ್ಮ ಖಾತೆ ಮೂಲಕ ಬೇಡ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು, ಸಿಎ ಪ್ರಮಾಣಪತ್ರ ಬೇಕು.

ಅಮೆರಿಕದ ಲೆಕ್ಕಕ್ಕೆ ಬೇರೆಯದೇ ಅಂಕಿ. ಅಲ್ಲಿನ ನಿಯಮದಲ್ಲಿ ಅಪ್ಪ, ಅಮ್ಮ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ಅವಳ ಖರೀದಿ ಬೆಲೆ. ಅವಳ ಮೂರನೇ ಒಂದರಲ್ಲಿ ನಾಲ್ಕನೇ ಒಂದು 2019ರಲ್ಲಿ ಬಂದದ್ದು, ಹನ್ನೆರಡನೇ ಒಂದು 2024ರಲ್ಲಿ. ಹಾಗಾಗಿ ಮೌಲ್ಯಮಾಪಕರನ್ನು ಒಂದೇ ಸಲ ಕರೆಸಿ ಮೂರು ದಿನಾಂಕಕ್ಕೆ ಬೆಲೆ ಬರೆಸಿ: 1-4-2001, ಅಪ್ಪ ಹೋದ ದಿನ, ಅಮ್ಮ ಹೋದ ದಿನ. ಮೂರು ಸಲ ಶುಲ್ಕ ಕೊಡುವುದು ತಪ್ಪುತ್ತದೆ. ಎನ್‌ಆರ್‌ಒ ಖಾತೆಯಲ್ಲಿ 10 ಸಾವಿರ ಡಾಲರ್ ದಾಟಿದರೆ ಅಲ್ಲಿ ಎಫ್‌ಬಿಎಆರ್ (ವಿದೇಶಿ ಬ್ಯಾಂಕ್ ಖಾತೆಗಳ ವರದಿ) ಸಲ್ಲಿಸಬೇಕು ಎಂದೂ ಹೇಳಿಬಿಡಿ.

---

ಸೂರಂಚು:

ಹೋಂಸ್ಟೇ ಬಗ್ಗೆ ಒಂದೇ ಮಾತು. ಮನೆಯವರು ಅಲ್ಲೇ ಇದ್ದು ಅತಿಥಿಗೆ ಊಟ ಹಾಕುವುದಕ್ಕೆ ಹೋಂಸ್ಟೇ ಅನ್ನುತ್ತಾರೆ. ಮೂವರಲ್ಲಿ ಒಬ್ಬರೂ ಊರಲ್ಲಿ ಇಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪಂಚಾಯ್ತಿ ಪರವಾನಗಿ, ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಸಲ್ಲಿಸುವುದು, ಕೋಣೆಗೊಂದು ಬಚ್ಚಲು, ಅಡುಗೆಯವರು. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ಮಳೆ ನೋಡಲು ಬರುವವರು ಬಿಟ್ಟರೆ ಬೇರೆಯವರಿಲ್ಲ, ಅವರೂ ಆಗುಂಬೆ ಹತ್ತಿರವೇ ಉಳಿಯುತ್ತಾರೆ. ತಂಗಿಗೆ ಮನೆ ಉಳಿಯಬೇಕು ಎಂಬ ಆಸೆ, ಅದಕ್ಕೆ ಹೋಂಸ್ಟೇ ಹೆಸರು ಕೊಟ್ಟಿದ್ದಾರೆ ಅಷ್ಟೇ. ಆ ಆಸೆಗೆ ಬೆಲೆ ಕಟ್ಟುವ ದಾರಿ ಬೇರೆ ಇದೆ.

ಮೂವರೂ ಒಂದೊಂದು ಚೀಟಿಯಲ್ಲಿ 'ಇಡೀ ಆಸ್ತಿಯನ್ನು ನಾನು ಇಷ್ಟಕ್ಕೆ ತಗೊಳ್ತೇನೆ' ಎಂದು ಬರೆದು ಮುಚ್ಚಿ ಕೊಡಿ. ಬೇಡ ಅನ್ನುವವರು ಸೊನ್ನೆ ಬರೆಯಲಿ. ಪಕ್ಕದವರ 48 ತಳದ ಬೆಲೆ. ತಂಗಿ 51 ಬರೆದರೆ ನಿಮಗೂ ಅಣ್ಣನಿಗೂ 17-17 ಕೊಟ್ಟು ಮನೆ ಅವಳದು. ಯಾರೂ 48 ದಾಟದಿದ್ದರೆ ಹೊರಗಿನವರಿಗೆ. ಮಾತಿನಲ್ಲಿ ಆಸೆ ಎಷ್ಟು ದೊಡ್ಡದಿದ್ದರೂ ಚೀಟಿಯಲ್ಲಿ ಅಂಕಿ ಬರೆಯುವಾಗ ನಿಜ ಗೊತ್ತಾಗುತ್ತದೆ. ಇದು ಬರೀ ಮನೆಯೊಳಗಿನ ಮರ್ಯಾದೆಯ ಮಾತಲ್ಲ. ಒಬ್ಬ ವಾರಸುದಾರ ತನ್ನ ಪಾಲು ಹೊರಗೆ ಮಾರಲು ಹೊರಟರೆ ಉಳಿದವರಿಗೆ ಮೊದಲು ಕೊಳ್ಳುವ ಹಕ್ಕು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂನಲ್ಲೇ ಇದೆ. ಕೃಷಿ ಜಮೀನಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

'ಸದ್ಯಕ್ಕೆ ಮೂವರ ಹೆಸರಲ್ಲೇ ಇರಲಿ' ಎನ್ನುವುದೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಸೋರುವ ಮಾಡಿಗೆ ಯಾರು ದುಡ್ಡು ಹಾಕಬೇಕು ಎಂದು ಯಾರೂ ಹಾಕುವುದಿಲ್ಲ.

---

ಪಹಣಿಪುಟ:

ಸೂರಂಚು ಅವರ ಕೊನೆಯ ಮಾತಿಗೆ ನನ್ನ ತಕರಾರಿದೆ. ಮೂರು ನಾಲ್ಕು ವರ್ಷದ ಮಟ್ಟಿಗೆ ಜಂಟಿಯಾಗಿ ಇಟ್ಟುಕೊಳ್ಳುವುದು ಕೆಟ್ಟದ್ದೇನಲ್ಲ, ಕರಾರು ಬರೆದಿದ್ದರೆ. ತಲಾ ವರ್ಷಕ್ಕೆ ಇಷ್ಟು, ಏಪ್ರಿಲ್ 1ರೊಳಗೆ ಜಂಟಿ ಖಾತೆಗೆ. ಅಡಿಕೆ ಆದಾಯ ಮೊದಲು ಮಾಡಿನ ಖರ್ಚಿಗೆ. ಹಣ ಕಟ್ಟದವರ ಪಾಲಿನಿಂದ ಮಾರುವಾಗ ಅಸಲು ಬಡ್ಡಿ ಸೇರಿಸಿ ಕಳೆಯುವುದು. ಇಂಥ ದಿನ ಸೂರಂಚು ಹೇಳಿದ ಚೀಟಿ ತೆರೆಯುವುದು. ಇಷ್ಟು ಒಂದು ಪುಟದಲ್ಲಿ ಬರೆದು ಮೂವರೂ ಸಹಿ ಹಾಕಿದರೆ ಸಾಕು. ಬರವಣಿಗೆ ಇಲ್ಲದ ಜಂಟಿ ಕೆಟ್ಟದ್ದು, ಅದನ್ನು ಒಪ್ಪುತ್ತೇನೆ.

ಒಬ್ಬರು ಇಟ್ಟುಕೊಳ್ಳುವುದಾದರೆ ಉಳಿದಿಬ್ಬರು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕು. ಛಾಪಾ ಕಾಗದದ ಮೇಲೆ ಬರೆದು ಮನೆಯಲ್ಲಿಟ್ಟ ಪಾಲುಪಟ್ಟಿ ಸಾಲದು. ಕುಟುಂಬದೊಳಗಿನ ಇಂಥ ಪತ್ರಕ್ಕೆ ಮುದ್ರಾಂಕ ಶುಲ್ಕ ಬೆಲೆಯ ಶೇಕಡಾ ಲೆಕ್ಕದಲ್ಲಿ ಅಲ್ಲ, ನಿಗದಿತ ಸಣ್ಣ ಮೊತ್ತ. ಹೊರಗಿನವರಿಗೆ ಕ್ರಯ ಮಾಡಿದರೆ ಕೊಳ್ಳುವವರಿಗೆ ಶೇ. 5 ಮುದ್ರಾಂಕ, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಹಳ್ಳಿಯಲ್ಲಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಅಂದರೆ 48 ಲಕ್ಷಕ್ಕೆ ಕೊಳ್ಳುವವರ ಕೈಯಿಂದ ಇನ್ನೂ 3.67 ಲಕ್ಷ ಹೋಗುತ್ತದೆ. 'ಪತ್ರದಲ್ಲಿ ಕಡಿಮೆ ತೋರಿಸೋಣ' ಎಂಬ ಮಾತು ಬರುವುದು ಇಲ್ಲಿಂದಲೇ. ಒಪ್ಪಬೇಡಿ, ತಂಗಿಯ ಹಣ ಬ್ಯಾಂಕಿನ ಮೂಲಕ ಹೊರಗೆ ಹೋಗಬೇಕಾದಾಗ ಆ ವ್ಯತ್ಯಾಸವೇ ಸಿಕ್ಕಿಬೀಳುವುದು.

ಬಿಡುಗಡೆ ಪತ್ರದಲ್ಲಿ ಕೊಟ್ಟ ಹಣವನ್ನೂ ಚೆಕ್ ನಂಬರ್ ಸಮೇತ ಬರೆಯಿರಿ. ಪೂರ್ತಿ ಹಣ ಕೈಗೆ ಬಂದ ದಿನವೇ ಪತ್ರ, ಕಂತು ಇದ್ದರೆ ಕೊನೆಯ ಕಂತಿನ ದಿನ. ಒಂದು ವೇಳೆ ಇಟ್ಟುಕೊಳ್ಳುವವರು ತಂಗಿಯೇ ಆದರೆ ನಿಂತು ಯೋಚಿಸಿ. ಓಸಿಐ ಇರುವವರು ಕೃಷಿ ಜಮೀನನ್ನು ವಾರಸಿನಿಂದ ಪಡೆಯಬಹುದು, ಕ್ರಯಕ್ಕಾಗಲಿ ದಾನಕ್ಕಾಗಲಿ ಪಡೆಯುವಂತಿಲ್ಲ. ನಿಮ್ಮ ಪಾಲುಗಳನ್ನು ಹಣ ಕೊಟ್ಟು ಪಡೆಯುವುದು ಆ ನಿರ್ಬಂಧಕ್ಕೆ ತಾಗುತ್ತದೆ. ಮೊದಲು ಮನೆ, ಅಂಗಳದ ಭಾಗವನ್ನು 11ಇ ಮಾಡಿಸಿ ಭೂಪರಿವರ್ತನೆ ಮಾಡಿಸಿ, ತೋಟ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಹೋಗುವ ಹಾಗೆ ವಿಭಾಗ ಮಾಡಬಹುದೇ ಎಂದು ವಕೀಲರ ಹತ್ತಿರ ಕೂತು ಕೇಳಿ. ತಂಗಿ ತನ್ನ ಪಾಲು ಬಿಟ್ಟುಕೊಡುವುದಾದರೆ ತೊಂದರೆ ಇಲ್ಲ, ಭಾರತದಲ್ಲಿ ಇರುವ ಭಾರತೀಯ ಪ್ರಜೆಗಳಿಗೆ ಕೊಡಬಹುದು.

ಅವಳು ಬರಲಾಗದಿದ್ದರೆ ಅಧಿಕಾರ ಪತ್ರ: ಅಲ್ಲಿ ನೋಟರಿ ಮುಂದೆ ಸಹಿ, ಅಪೊಸ್ಟಿಲ್ (ಬೇರೆ ದೇಶದಲ್ಲಿ ನಡೆಯಲು ಅಲ್ಲಿನ ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಅಥವಾ ದೂತಾವಾಸದ ದೃಢೀಕರಣ, ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಮುದ್ರಾಂಕ. ಮೂರು ತಿಂಗಳು ದಾಟಿದರೆ ದಂಡದ ರಗಳೆ. ಸರ್ವೆ ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಯಾವ ಕೆಲಸಕ್ಕೆ ಎಂದು ಬರೆದ ನಿರ್ದಿಷ್ಟ ಅಧಿಕಾರ ಪತ್ರ ಇರಲಿ, 'ಎಲ್ಲಾ ಅಧಿಕಾರ' ಬೇಡ.

---

ಅಂಗಳದಮೂಲೆ:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎರಡು ಸಣ್ಣ ಪ್ರಶ್ನೆ. ಒಂದು, ಸದ್ಯಕ್ಕೆ ಒಂದು ಕೂಲಿ ಕುಟುಂಬ ಬಂದು ಇರುತ್ತೇವೆ ಎನ್ನುತ್ತಿದೆ, ಬಾಡಿಗೆ ಬೇಡ ಎಂದು ಬಿಟ್ಟರೆ ಅಪಾಯವೇ? ಎರಡು, ಹಳೆ ಬಾಗಿಲು, ಕಂಬಗಳನ್ನು ಮಾತ್ರ ಕೊಳ್ಳುತ್ತೇವೆ ಎಂದು ವ್ಯಾಪಾರಿಗಳು ಬಂದಿದ್ದರು. ಪ್ರಧಾನ ಬಾಗಿಲು ಹಲಸು, ಜಗಲಿಯ ಆರು ಕಂಬ ಬೀಟೆ.

---

ಹಂಚುಪಕಾಸಿ:

ಕಂಬ ಕೊಡಬೇಡಿ. ಜಗಲಿಯ ಕಂಬ ತೆಗೆದರೆ ಮುಂದಿನ ಮಾಡು ಕೂರುವುದು ಯಾವುದರ ಮೇಲೆ? ಕಬ್ಬಿಣದ ಪೈಪು ಕೊಡುತ್ತೇವೆ ಅನ್ನುತ್ತಾರೆ, ಅದು ತೊಲೆಗೆ ಸರಿಯಾಗಿ ಕೂರದೆ ಒಂದು ಕಡೆ ವಾಲುತ್ತದೆ. ಮನೆ ಮಾರುವುದಾದರೆ ಆ ಆರು ಕಂಬವೇ ಬೆಲೆ ಏರಿಸುವುದು. ಬೀಟೆ, ತೇಗ ಸಾಗಿಸಲು ಅರಣ್ಯ ಇಲಾಖೆಯ ಪರ್ಮಿಟ್ ಬೇಕು, ಹಳೆ ಮರ ಎಂದು ವಿನಾಯಿತಿ ಇದೆ ಅಂದುಕೊಂಡು ಗಾಡಿ ಹೊರಟು ಚೆಕ್‌ಪೋಸ್ಟಿನಲ್ಲಿ ಸಿಕ್ಕಿದರೆ 'ಎಲ್ಲಿಂದ ತಂದಿರಿ' ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು.

---

ಪಹಣಿಪುಟ:

ಕುಟುಂಬ ಇರಲಿ, ಮನೆಗೆ ಒಳ್ಳೆಯದೇ. ಒಲೆ ಉರಿಯುತ್ತದೆ, ಮಂಗ ಬರುವುದಿಲ್ಲ. ಆದರೆ 'ಬಾಡಿಗೆ ಬೇಡ' ಎನ್ನುವುದೇ ಮುಂದೆ ಗೊಂದಲ ಮಾಡುತ್ತದೆ. ನೋಡಿಕೊಳ್ಳುವುದಕ್ಕೆ ತಿಂಗಳಿಗೆ ಇಷ್ಟು ಸಂಬಳ, ಇಂಥ ಎರಡು ಕೋಣೆ ಮತ್ತು ಅಡುಗೆಮನೆ ಉಪಯೋಗಿಸಲು ಅನುಮತಿ, 11 ತಿಂಗಳು ಎಂದು ಮೂವರೂ ಮಾಲೀಕರ ಹೆಸರಲ್ಲಿ ಬರೆದುಕೊಡಿ. ಸಂಬಳ ಬ್ಯಾಂಕಿಗೆ ಹಾಕಿ. ಮೆಸ್ಕಾಂ ಬಿಲ್, ಕಂದಾಯ ನಿಮ್ಮ ಹೆಸರಲ್ಲೇ ಕಟ್ಟಿ. ಅನುಮತಿ ಮೇಲೆ ಇರುವವರಿಗೆ ಎಷ್ಟು ವರ್ಷ ಇದ್ದರೂ ಹಕ್ಕು ಬರುವುದಿಲ್ಲ ಎನ್ನುವುದು ಸರಿ, ಅನುಮತಿ ಕೊಟ್ಟಿದ್ದೆವು ಎಂದು ತೋರಿಸಲು ಕಾಗದ ಬೇಕಲ್ಲ.

ಕೊನೆಗೆ ನಮ್ಮ ಕಡೆಯ ಮನೆಗಳಿಗೆ ಮಾತ್ರ ಇರುವ ಮೂರು ವಿಷಯ, ಕರಾರಿಗೆ ಮುಂಚೆ ತೀರ್ಮಾನ ಮಾಡಿಕೊಳ್ಳಿ. ದಾರಿ: ಮನೆಗೆ ಬರುವ ಗಾಡಿದಾರಿ ಬೇರೆಯವರ ತೋಟದೊಳಗಿಂದ ಬಾಯಿಮಾತಿನ ಮೇಲೆ ಬಂದಿದ್ದರೆ, ಅವರ ಜೊತೆ ಅಗಲ ಎಷ್ಟು ಅಡಿ ಎಂದು ನಕ್ಷೆಯೊಂದಿಗೆ ಬರೆದುಕೊಂಡು ನೋಂದಾಯಿಸಿ. ಪಕ್ಕದವರೇ ಕೊಳ್ಳುವುದಾದರೆ ಅವರಿಗೆ ಇದು ಬೇಕಿಲ್ಲ, ಬೇರೆ ಗಿರಾಕಿಗೆ ಇದೇ ಮೊದಲ ಪ್ರಶ್ನೆ. ನೀರು: ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರಾದರೆ ಪೈಪು ಯಾರ ಯಾರ ಜಮೀನು ದಾಟುತ್ತದೆ ಎಂದು ಪಟ್ಟಿ ಮಾಡಿ. ಮೂರನೆಯದು ನಾಗರಕಲ್ಲು, ಚೌಡಿ. ಹಿತ್ತಿಲಲ್ಲಿ ಇದ್ದರೆ ವರ್ಷಕ್ಕೊಮ್ಮೆ ಪೂಜೆಗೆ ನೀವು ಬರುವುದೋ, ಕೊಂಡವರು ಮಾಡುವುದೋ, ಬೇರೆ ಕಡೆ ಪ್ರತಿಷ್ಠೆ ಮಾಡಿಸುವುದೋ ಎಂದು ಮೊದಲೇ ಮಾತಾಡಿ. ನೀವೇ ಬರುವುದಾದರೆ ಕಲ್ಲಿನ ಸುತ್ತ ಇಷ್ಟು ಅಡಿ ಜಾಗ ಮತ್ತು ಅಲ್ಲಿಗೆ ಹೋಗುವ ಕಾಲುದಾರಿಯನ್ನು ಕ್ರಯಪತ್ರದ ಷೆಡ್ಯೂಲಿನಲ್ಲಿ ಬಿಡಿಸಿ ಬರೆಯಿಸಿ.